ಬೇತಾಳ ಮತ್ತೆ ಮರ ಹತ್ತಿತು (ಲಿಟಲ್ ಇಂಡಿಯಾದಿಂದ, ಕಂತು 14)

ಎರಡು ತಿಂಗಳಿಂದ ಏನೂ ಬರೆದಿರಲಿಲ್ಲ. ವಾರ್ಡಿನಲ್ಲಿ ಜನ ಕಡಿಮೆ, ನೈಟ್ ಡ್ಯೂಟಿ ಜಾಸ್ತಿ. ಇವತ್ತು ರಜೆ. ಬಟ್ಟೆ ಒಗೆದು ಹಾಕಿ, ಒಂದು ಲೋಟ ಕಾಫಿ ಇಟ್ಟುಕೊಂಡು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಮೊನ್ನೆ ಭಾನುವಾರ ಡ್ಯೂಟಿ ಮುಗಿಸಿ ನಿದ್ದೆಗಣ್ಣಲ್ಲೇ ಟೆಕ್ಕಾ ಮಾರ್ಕೆಟ್ಟಿಗೆ ಹೋಗಿದ್ದೆ. ಸೆರಂಗೂನ್ ರೋಡ್ ಶುರುವಾಗುವ ಮೂಲೆಯಲ್ಲೇ ಇದೆ ಅಂತ ಹಿಂದೆ ಬರೆದಿದ್ದೆನಲ್ಲ, ಅದೇ. ನುಗ್ಗೆಕಾಯಿ ಬೇಕಿತ್ತು. ತರಕಾರಿ ಅಂಗಡಿಯ ತಮಿಳು ತಾತ ಹೇಳಿದ ರೇಟು ಜಾಸ್ತಿ ಅನ್ನಿಸಿ ಮುಂದೆ ಹೋದೆ. ನಾಲ್ಕು ಅಂಗಡಿ ಸುತ್ತಿ, ಎಲ್ಲೂ ಸರಿಹೋಗದೆ ಮತ್ತೆ ಅವರ ಮುಂದೆಯೇ ಬಂದು ನಿಂತೆ. ತಾತ ನಕ್ಕು ಪಕ್ಕದವರಿಗೆ ಹೇಳಿದರು: "ವೇದಾಳಂ ಮುರುಂಗೈ ಮರಂ ಏರಿಡುಚ್ಚು."

ಬೇತಾಳ ಮತ್ತೆ ನುಗ್ಗೆಮರ ಹತ್ತಿತು ಅಂತ ಅರ್ಥ. ತಮಿಳರಲ್ಲಿ ಇದೊಂದು ಗಾದೆ. ಎಲ್ಲಿಗೆ ಹೋದರೂ ಹಳೇ ಜಾಗಕ್ಕೇ ಬರುವವರನ್ನು ಕಂಡರೆ ಹೀಗೆ ಅನ್ನುತ್ತಾರೆ. ನಮ್ಮ 'ಹಳೇ ಗಂಡನ ಪಾದವೇ ಗತಿ' ಇದ್ದ ಹಾಗೆ. ನುಗ್ಗೆಕಾಯಿ ಕೈಯಲ್ಲಿ ಹಿಡಿದುಕೊಂಡೇ ಈ ಮಾತು ಕೇಳಿಸಿಕೊಂಡು ನನಗೆ ನಗು ತಡೆಯಲಾಗಲಿಲ್ಲ. "ಅಂಬುಲಿಮಾಮಾ ಓದ್ತಿದ್ರಾ ತಾತ?" ಅಂತ ಕೇಳಿದೆ. ಅವರ ಮುಖ ನೋಡಬೇಕಿತ್ತು! ತಕ್ಕಡಿ ಬಿಟ್ಟು, ಬಲಗೈಯಲ್ಲಿ ಕತ್ತಿ ಹಿಡಿದ ಹಾಗೆ ಮಾಡಿ, ಎಡಹೆಗಲ ಮೇಲೆ ಹೆಣ ಹೊತ್ತ ಹಾಗೆ ಬಾಗಿ ನಿಂತು ತೋರಿಸಿದರು. ನಮ್ಮ ಚಂದಮಾಮದ ಅದೇ ಚಿತ್ರ. ಅವರು ತಮಿಳಲ್ಲಿ ಓದಿದ್ದು, ನಾನು ಕನ್ನಡದಲ್ಲಿ. ಹೆಣ ಒಂದೇ, ರಾಜ ಒಬ್ಬನೇ.

ಅವತ್ತಿನಿಂದ ತಲೆಯಲ್ಲಿ ಇದೇ ಸುತ್ತುತ್ತಿದೆ. ಕಾರಣ ನಿಮಗೆಲ್ಲ ಗೊತ್ತಿರುವುದೇ. ಅಪ್ಪ ಹೋಗಿ ಮುಂದಿನ ತಿಂಗಳಿಗೆ ವರ್ಷವಾಗುತ್ತೆ. ಸಾಗರದಲ್ಲಿ ಅಪ್ಪನ ಟೈಲರ್ ಅಂಗಡಿಯ ಬೆಂಚಿನ ಮೇಲೆ ಕೂತು ಬೇತಾಳನ ಕಥೆ ಕೇಳದವರು ಈ ಪೋಸ್ಟ್ ಓದುವವರಲ್ಲಿ ಕಡಿಮೆ. ಸ್ಕೂಲ್ ಯೂನಿಫಾರ್ಮಿಗೆ ಅಳತೆ ಕೊಡಲು ಬಂದವರು ಕಥೆ ಮುಗಿಯದೆ ಎದ್ದು ಹೋಗುತ್ತಿರಲಿಲ್ಲ. ಆಮೇಲೆ ಆ ಕಥೆಗಳೆಲ್ಲ ನನ್ನ ಮಗಳ ಪಾಲಿಗೆ ಬಂದವು. ನಾನು ಇಲ್ಲಿಗೆ ಬಂದ ಮೇಲೆ ಅವಳು ಮಲಗುತ್ತಿದ್ದದ್ದೇ ಅಜ್ಜನ ಪಕ್ಕ. ಅಪ್ಪ ಹೋಗಿ ಹದಿನೈದು ದಿನಕ್ಕೆ ಫೋನಿನಲ್ಲಿ ಕೇಳಿದಳು, "ಅಮ್ಮ, ಇನ್ನು ಮುಂದಿನ ಕಥೆ ಯಾರು ಹೇಳ್ತಾರೆ?"

ನಾನು ಹೇಳ್ತೀನಿ ಅಂದೆ. ಮೊದಲ ವಾರವೇ ಸೋತೆ. ಅದನ್ನು ಆಮೇಲೆ ಹೇಳುತ್ತೇನೆ. ಸೋತ ಮೇಲೆ ನನಗೆ ಬಂದ ಪ್ರಶ್ನೆ ಇದು: ಒಬ್ಬರು ಹೇಳುತ್ತಿದ್ದ ಕಥಾಮಾಲೆಯನ್ನು ಅವರು ಹೋದ ಮೇಲೆ ಇನ್ನೊಬ್ಬರು ಮುಂದುವರಿಸಬಹುದಾ? ಮುಂದುವರಿಸಿದರೆ ಅದು ಅದೇ ಕಥೆಯಾಗಿ ಉಳಿಯುತ್ತಾ? ಹೀಗಾಗಿ ಬೇತಾಳನ ಜಾತಕ ಹುಡುಕಿಕೊಂಡು ಹೊರಟೆ. ಸಿಕ್ಕಿದ್ದನ್ನು ಬರೆಯುತ್ತಿದ್ದೇನೆ.

ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದಲ್ಲಿ ಸೋಮದೇವ ಅಂತ ಒಬ್ಬ ಕವಿ. ಅನಂತರಾಜನ ರಾಣಿ ಸೂರ್ಯಮತಿಗೋಸ್ಕರ 'ಕಥಾಸರಿತ್ಸಾಗರ' ಬರೆದ. ಬೇತಾಳನ ಇಪ್ಪತ್ತೈದು ಕಥೆಗಳು ಅದರೊಳಗೆ ಬರುತ್ತವೆ. ಗೋದಾವರಿ ದಡದ ಪ್ರತಿಷ್ಠಾನದಲ್ಲಿ ಒಬ್ಬ ರಾಜ. ದಿನಾ ಒಬ್ಬ ಭಿಕ್ಷು ಬಂದು ಒಂದು ಹಣ್ಣು ಕೊಟ್ಟು ಹೋಗುತ್ತಾನೆ. ವರ್ಷಗಟ್ಟಲೆ ಹೀಗೇ ನಡೆಯುತ್ತದೆ. ಒಂದು ದಿನ ಕೋತಿಯ ಕೈಗೆ ಸಿಕ್ಕ ಹಣ್ಣು ಒಡೆದು ಒಳಗಿಂದ ರತ್ನ ಉದುರುತ್ತದೆ. ಇಷ್ಟು ಕೊಟ್ಟವನಿಗೆ ಏನು ಬೇಕು? ಕೃಷ್ಣಪಕ್ಷದ ರಾತ್ರಿ ಸ್ಮಶಾನದ ಶಿಂಶಪಾ ಮರದಲ್ಲಿ ನೇತಾಡುವ ಹೆಣವನ್ನು ಮಾತಾಡದೆ ಹೊತ್ತು ತರಬೇಕು. ಉಳಿದದ್ದು ನಿಮಗೆ ಗೊತ್ತು.

ನನಗೆ ಮೈ ಜುಮ್ಮೆಂದದ್ದು ಆ ರಾಜನ ಹೆಸರು ನೋಡಿ. ಸೋಮದೇವನಲ್ಲಿ ಅವನು ತ್ರಿವಿಕ್ರಮಸೇನ. ಬೇರೆ ಕಡೆಯಲ್ಲೆಲ್ಲ ಅವನು ವಿಕ್ರಮಾದಿತ್ಯ, ವಿಕ್ರಮಾರ್ಕ, ಬರೀ ವಿಕ್ರಮ ಆಗಿಬಿಟ್ಟಿದ್ದಾನೆ. ನಾವು ಮಾತ್ರ ಇವತ್ತಿಗೂ ಹಠ ಮಾಡುವ ಮಕ್ಕಳಿಗೆ 'ಛಲ ಬಿಡದ ತ್ರಿವಿಕ್ರಮ' ಅನ್ನುತ್ತೇವೆ. ಸಾವಿರ ವರ್ಷದ ಹಳೆಯ ಹೆಸರನ್ನು ಅಮ್ಮ ನನ್ನ ಬೆನ್ನಿಗೆ ಗುದ್ದುತ್ತಾ ಹೇಳುತ್ತಿದ್ದಳು ಅಂತ ಆಗ ನನಗೆಲ್ಲಿ ಗೊತ್ತಿತ್ತು!

ಸರಿ, ಹಾಗಾದರೆ ಸೋಮದೇವನೇ ಮೂಲ ಲೇಖಕ ಅಂದುಕೊಂಡೆ. ಅಲ್ಲ. ತಾನು ಗುಣಾಢ್ಯನ 'ಬೃಹತ್ಕಥೆ'ಯನ್ನು ಸಂಗ್ರಹಿಸಿ ಹೇಳುತ್ತಿದ್ದೇನೆ ಅಂತ ಅವನೇ ಹೇಳಿಕೊಂಡಿದ್ದಾನೆ. ಗುಣಾಢ್ಯನದು ಇನ್ನೊಂದು ದೊಡ್ಡ ಕಥೆ. ಪಂದ್ಯದಲ್ಲಿ ಸೋತು ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಟ್ಟ ಅವನು ಪೈಶಾಚಿ ಭಾಷೆಯಲ್ಲಿ, ಅಂದರೆ ಪಿಶಾಚಿಗಳ ಮಾತಿನಲ್ಲಿ, ತನ್ನ ರಕ್ತದಿಂದಲೇ ಏಳು ಲಕ್ಷ ಶ್ಲೋಕ ಬರೆದನಂತೆ. ರಾಜ ಬೇಡ ಅಂದ. ಗುಣಾಢ್ಯ ಬೆಟ್ಟದ ಮೇಲೆ ಬೆಂಕಿ ಹಾಕಿ, ಒಂದೊಂದೇ ಹಾಳೆಯನ್ನು ಕಾಡಿನ ಪ್ರಾಣಿಗಳಿಗೆ ಓದಿ ಹೇಳಿ ಸುಡುತ್ತಾ ಹೋದ. ರಾಜನಿಗೆ ಬುದ್ಧಿ ಬಂದು ಓಡಿ ಬರುವಷ್ಟರಲ್ಲಿ ಉಳಿದದ್ದು ಒಂದು ಲಕ್ಷ. ಇದು ದಂತಕಥೆ. ಆದರೆ ಮೂಲ ಬೃಹತ್ಕಥೆ ಇವತ್ತು ಎಲ್ಲೂ ಸಿಗುವುದಿಲ್ಲ ಅನ್ನುವುದು ನಿಜ. ಅದರಲ್ಲಿ ಬೇತಾಳ ಇದ್ದನೋ, ಕಾಶ್ಮೀರದವರು ಆಮೇಲೆ ಸೇರಿಸಿದರೋ ಅನ್ನುವುದರಲ್ಲೂ ವಿದ್ವಾಂಸರಿಗೆ ಒಮ್ಮತವಿಲ್ಲ.

ಇದರಲ್ಲಿ ನಮ್ಮವರೂ ಇದ್ದಾರೆ. ಆರನೇ ಶತಮಾನದ ಗಂಗರ ದೊರೆ ದುರ್ವಿನೀತ ಈ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದ ಅಂತ ಕೋಲಾರ ಸೀಮೆಯ ಗುಮ್ಮರೆಡ್ಡಿಪುರದ ತಾಮ್ರಶಾಸನ ಹೇಳುತ್ತದೆ. ಆ ಪುಸ್ತಕವೂ ಉಳಿದಿಲ್ಲ.

ಸೋಮದೇವನ ಕಾಲದವನೇ ಆದ ಕ್ಷೇಮೇಂದ್ರ ಬೇತಾಳನನ್ನು ಬರೆದ. ಶಿವದಾಸ ಬರೆದ, ಜಂಭಲದತ್ತ ಬರೆದ. ಹೆಣ ಮಾತಾಡುವ ಕಥೆ ಟಿಬೆಟ್ ದಾಟಿ ಮಂಗೋಲಿಯಾಕ್ಕೂ ಹೋಯಿತು, ಅಲ್ಲಿ ಅದಕ್ಕೆ ಅವರದೇ ಕಥೆಗಳು ಸೇರಿಕೊಂಡವು. 1800ರ ಸುಮಾರಿಗೆ ಕಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬ್ರಿಟಿಷ್ ಅಧಿಕಾರಿಗಳಿಗೆ ಹಿಂದೂಸ್ತಾನಿ ಕಲಿಸಲು 'ಬೈತಾಳ್ ಪಚೀಸಿ' ಪಠ್ಯವಾಯಿತು. 1870ರಲ್ಲಿ ರಿಚರ್ಡ್ ಬರ್ಟನ್ ಇಂಗ್ಲಿಷಿಗೆ ತಂದ. ಇಪ್ಪತ್ತೈದರಲ್ಲಿ ಹನ್ನೊಂದನ್ನೇ ಆರಿಸಿಕೊಂಡು ತನಗೆ ಬೇಕಾದ ಹಾಗೆ ಮಸಾಲೆ ಹಾಕಿದ. ಗೋವಾ, ಕೊಂಕಣದ ಕಡೆಯಂತೂ ಬೇತಾಳ ಊರು ಕಾಯುವ ದೇವರೇ ಆಗಿ ಗುಡಿಯಲ್ಲಿ ಕೂತಿದ್ದಾನೆ.

ಇನ್ನು ನಮ್ಮ ಚಂದಮಾಮ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ, ಅದೇ 'ಪಾತಾಳಭೈರವಿ', 'ಮಾಯಾಬಜಾರ್' ಮಾಡಿದ ವಿಜಯಾ ಸಂಸ್ಥೆಯವರು, 1947ರ ಜುಲೈನಲ್ಲಿ ಮದ್ರಾಸಿನಲ್ಲಿ ತೆಲುಗಿನ ಚಂದಮಾಮ ಮತ್ತು ತಮಿಳಿನ ಅಂಬುಲಿಮಾಮಾ ಶುರುಮಾಡಿದರು. ಕನ್ನಡಕ್ಕೆ ಬಂದದ್ದು 1949ರಲ್ಲಿ. 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ಅದರ ಸಂಪಾದಕತ್ವ ನೋಡಿಕೊಂಡವರು ತೆಲುಗಿನ ದೊಡ್ಡ ಲೇಖಕ ಕೊಡವಟಿಗಂಟಿ ಕುಟುಂಬರಾವ್. ತಮ್ಮ ಹೆಸರು ಹಾಕಿಕೊಳ್ಳದೆ ಅವರು ಬರೆದದ್ದಕ್ಕೆ, ತಿದ್ದಿದ್ದಕ್ಕೆ ಲೆಕ್ಕವಿಲ್ಲ. ಅವರ ಕಾಲದಲ್ಲೇ, 1950ರ ದಶಕದ ಮಧ್ಯದಲ್ಲಿ, ಬೇತಾಳ ಪತ್ರಿಕೆಯ ಹೆಗಲೇರಿದ.

ಈಗ ಲೆಕ್ಕ ಹಾಕಿ. ತಿಂಗಳಿಗೊಂದು ಕಥೆ ಅಂದರೆ ಇಪ್ಪತ್ತೈದು ಕಥೆ ಎರಡು ವರ್ಷ ಒಂದು ತಿಂಗಳಿಗೆ ಖಾಲಿ. ಆದರೆ ಬೇತಾಳ ಐವತ್ತು ವರ್ಷ ದಾಟಿ ಬಂದ. ಮೂಲ ಮುಗಿದ ಮೇಲೆ ಬಂದ ನೂರಾರು ಕಥೆಗಳನ್ನು ಹೊಸ ಹೊಸ ಲೇಖಕರು ಕಟ್ಟಿದ್ದು. ಅಂದರೆ ಅಪ್ಪನ ಬೆಂಚಿನ ಮೇಲೆ ಕೂತು ನಾವು 'ಪುರಾತನ ಕಾಲದ್ದು' ಅಂತ ನಂಬಿ ಕೇಳಿದ್ದರಲ್ಲಿ ಹೆಚ್ಚಿನವು ಯಾರೋ ಮೇಷ್ಟ್ರು, ಯಾರೋ ಗುಮಾಸ್ತರು ರಾತ್ರಿ ಕೂತು ಬರೆದು ಪತ್ರಿಕೆಗೆ ಕಳಿಸಿದ ಕಥೆಗಳಿದ್ದಾವು. ನಮಗೆ ಗೊತ್ತಾಯಿತಾ? ಇಲ್ಲ. ಯಾಕೆ ಗೊತ್ತಾಗಲಿಲ್ಲ ಅಂದರೆ ಮೊದಲ ಪ್ಯಾರಾ ಮತ್ತು ಕೊನೆಯ ಪ್ಯಾರಾ ಬದಲಾಗುತ್ತಿರಲಿಲ್ಲ. ರಾಜ ಮರದ ಹತ್ತಿರ ಬರಬೇಕು, ಹೆಣ ಹೆಗಲಿಗೇರಬೇಕು, ಬೇತಾಳ ದಾರಿಯ ಬೇಸರ ಕಳೆಯಲು ಕಥೆ ಹೇಳಬೇಕು, ಕೊನೆಗೆ ಕೊಂಕು ಪ್ರಶ್ನೆ ಕೇಳಬೇಕು. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿಯಬೇಕು, ಮಾತಾಡಿದರೆ ಮೌನ ಮುರಿದು ಬೇತಾಳ ಮರಕ್ಕೆ ಹೋಗಬೇಕು. ನಡುವೆ ಏನು ಬೇಕಾದರೂ ತುಂಬಿಕೊಳ್ಳಿ.

ಇನ್ನೊಂದು ಬದಲಾಗದ್ದು ಚಿತ್ರ. ಟೆಕ್ಕಾದ ತಾತ ಮಾಡಿ ತೋರಿಸಿದ ಆ ಭಂಗಿ ಚಿತ್ರಕಾರ ಶಂಕರ್ ಅವರದು. ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. 1952ರಲ್ಲಿ ಚಂದಮಾಮ ಸೇರಿ ಸುಮಾರು ಅರವತ್ತು ವರ್ಷ ಅಲ್ಲೇ ಬರೆದರು. 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು, ಮರುವರ್ಷ ಅವರಿಗೆ ಮರಣೋತ್ತರ ಪದ್ಮಶ್ರೀ ಬಂತು. ಬರೆಯುವ ಕೈ ಎಷ್ಟು ಸಲ ಬದಲಾದರೂ ಆ ಗೆರೆ ನೋಡಿದ ಕೂಡಲೇ ಮಕ್ಕಳಿಗೆ 'ಇದು ನಮ್ಮ ಬೇತಾಳ' ಅನ್ನಿಸುತ್ತಿತ್ತು.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ನನ್ನ ರೂಮ್‌ಮೇಟ್ ಫಿಲಿಪೈನ್ಸಿನ ನರ್ಸ್. ಊರಲ್ಲಿರುವ ಮಗನಿಗೆ ವರ್ಷಕ್ಕೆರಡು ಸಲ ದೊಡ್ಡ ಡಬ್ಬದಲ್ಲಿ ಸಾಮಾನು ಕಳಿಸುತ್ತಾಳೆ. ಸೋಪು, ಚಾಕೊಲೇಟ್, ಶೂ, ಜೊತೆಗೆ ಬ್ರಾಸ್ ಬಸಾ ಕಾಂಪ್ಲೆಕ್ಸಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಪುಸ್ತಕ. ಈ ಸಲ ಮಕ್ಕಳ ದೆವ್ವದ ಪುಸ್ತಕ ಎರಡಿದ್ದವು. ಲೇಖಕ ಅಮೆರಿಕದ ಜಾನ್ ಬೆಲೇರ್ಸ್. ಅಪ್ಪ ಅಮ್ಮ ಇಲ್ಲದ ಹತ್ತು ವರ್ಷದ ಲೂಯಿಸ್ ಅನ್ನುವ ಹುಡುಗ ಮಂತ್ರ ಬಲ್ಲ ಚಿಕ್ಕಪ್ಪನ ಮನೆಗೆ ಬರುತ್ತಾನೆ, ಆ ಮನೆಯ ಗೋಡೆಯೊಳಗೆ ಎಲ್ಲೋ ಒಂದು ಗಡಿಯಾರ ಟಿಕ್ ಟಿಕ್ ಅನ್ನುತ್ತಿರುತ್ತದೆ. 1973ರಲ್ಲಿ ಬಂದ ಪುಸ್ತಕ. 2018ರಲ್ಲಿ ಸಿನಿಮಾನೂ ಆಯಿತು.

ಬೆಲೇರ್ಸ್ 1991ರಲ್ಲಿ, 53ನೇ ವಯಸ್ಸಿಗೇ ತೀರಿಕೊಂಡರು. ಎರಡು ಪುಸ್ತಕ ಅರ್ಧಕ್ಕೆ ನಿಂತಿದ್ದವು, ಇನ್ನೆರಡಕ್ಕೆ ಒಂದೊಂದು ಪುಟದ ಸಾರಾಂಶ ಮಾತ್ರ ಇತ್ತು. ಅವನ್ನು ಮುಗಿಸಿಕೊಟ್ಟವರು ಬ್ರ್ಯಾಡ್ ಸ್ಟ್ರಿಕ್‌ಲ್ಯಾಂಡ್, ಜಾರ್ಜಿಯಾದ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು. ಮೊದಲನೆಯದು 1993ರಲ್ಲಿ ಬಂತು. ನಾಲ್ಕೂ ಮುಗಿದ ಮೇಲೂ ಅವರು ನಿಲ್ಲಿಸಲಿಲ್ಲ. ಅದೇ ಹುಡುಗ, ಅದೇ ಚಿಕ್ಕಪ್ಪ, ಪಕ್ಕದ ಮನೆಯ ಅದೇ ಮಾಟಗಾತಿ ಅಜ್ಜಿಯನ್ನು ಇಟ್ಟುಕೊಂಡು ತಮ್ಮದೇ ಕಥೆ ಕಟ್ಟುತ್ತಾ 2008ರವರೆಗೆ ಬರೆದರು. ಅಲ್ಲೂ ಚಿತ್ರದ ಗೆರೆ ಕಾಪಾಡಿತು. ಮೊದಲ ಪುಸ್ತಕಕ್ಕೆ ಚಿತ್ರ ಬರೆದ ಎಡ್ವರ್ಡ್ ಗೋರೆ 2000ದಲ್ಲಿ ಸಾಯುವವರೆಗೆ ಹೊಸಬರ ಪುಸ್ತಕಗಳಿಗೂ ಬರೆದುಕೊಟ್ಟರು. ರೂಮ್‌ಮೇಟ್‌ನ ಡಬ್ಬದಲ್ಲಿದ್ದದ್ದು ಒಂದು ಹಳಬರದು, ಒಂದು ಹೊಸಬರದು. ಎರಡನ್ನೂ ಓದಿದೆ. ಹೊಸದರಲ್ಲಿ ಕಥೆ ಸ್ವಲ್ಪ ಬೇಗ ಓಡುತ್ತದೆ, ಮನೆಯ ಕತ್ತಲು ಸ್ವಲ್ಪ ಕಡಿಮೆ ಅನ್ನಿಸಿತು. ಆದರೆ ಅಡುಗೆಮನೆಯಲ್ಲಿ ಕೂತು ಅವರೆಲ್ಲ ಮಾತಾಡುವಾಗ ಅದೇ ಮನೆ, ಅನುಮಾನವೇ ಇಲ್ಲ.

ಇಷ್ಟು ಓದಿದ ಮೇಲೆ ನೆನಪಾದದ್ದು 1998. ನಿಮ್ಮಲ್ಲಿ ನನ್ನ ಓರಗೆಯವರಿಗೆ ನೆನಪಿರಬೇಕು. ಆ ವರ್ಷ ಚಂದಮಾಮ ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಮತ್ತೆ ಶುರುವಾದದ್ದು 1999ರ ಕೊನೆಗೆ. (ಆಮೇಲೆ 2007ರಲ್ಲಿ ಮುಂಬೈನ ಒಂದು ಕಂಪನಿಗೆ ಮಾರಾಟವಾಗಿ, 2013ರ ಹೊತ್ತಿಗೆ ಪೂರ್ತಿ ನಿಂತಿತು.) ಆ ಒಂದು ವರ್ಷ ಅಂಗಡಿಯಲ್ಲಿ ಬೇತಾಳ ನಿಂತಿತ್ತಾ? ಇಲ್ಲ. ಅಪ್ಪ ಮಿಷನ್ ಪಕ್ಕ ಚಂದಮಾಮ ಬಿಡಿಸಿಟ್ಟುಕೊಂಡು ತಿಂಗಳು ತಿಂಗಳು ಹೊಸ ಕಥೆ 'ಓದಿ' ಹೇಳುತ್ತಿದ್ದರು. ನನಗಾಗ ಹತ್ತು ವರ್ಷ. ಒಂದು ಸಂಜೆ ಹಿಂದಿನಿಂದ ಹೋಗಿ ಬಗ್ಗಿ ನೋಡಿದೆ. ತೆರೆದಿದ್ದದ್ದು ಫೋಟೋ ಶೀರ್ಷಿಕೆ ಸ್ಪರ್ಧೆಯ ಪುಟ. ಅದೂ ಎರಡು ವರ್ಷ ಹಳೆಯ ಸಂಚಿಕೆ. ಅಪ್ಪ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು ಕಥೆ ಮುಂದುವರಿಸಿದರು. ನಾನು ಯಾರಿಗೂ ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ಅವತ್ತು ಹೇಳುತ್ತಿದ್ದ ಕಥೆ ಇದು. ಒಬ್ಬ ದರ್ಜಿ ಮದುವೆ ಗಂಡಿನ ಅಂಗಿ ಕತ್ತರಿಸಿ, ಅರ್ಧ ಹೊಲಿದು ಸತ್ತುಹೋದ. ಶಿಷ್ಯ ಉಳಿದರ್ಧ ಹೊಲಿದು ಕೊಟ್ಟ. ಕೂಲಿ ಬಂತು. ದರ್ಜಿಯ ಹೆಂಡತಿ ತನಗೆ ಸೇರಬೇಕು ಅಂದಳು. ಶಿಷ್ಯ ತನಗೆ ಅಂದ. ಹೇಳು ರಾಜ, ಕೂಲಿ ಯಾರದು? ತ್ರಿವಿಕ್ರಮ ಹೇಳಿದ: ಅಳತೆ ಗುರುವಿನದು, ದಾರ ಶಿಷ್ಯನದು, ಕೂಲಿ ಅರ್ಧರ್ಧ. ಆದರೆ ಅಂಗಿ ಬಿಗಿಯಾದರೆ ಬೈಗುಳ ಮಾತ್ರ ಪೂರ್ತಿ ಶಿಷ್ಯನಿಗೆ.

ಬೆಂಚಿನ ಮೇಲಿದ್ದವರೆಲ್ಲ ನಕ್ಕಿದ್ದರು. ನನಗೆ ಆ ಬೈಗುಳದ ಅರ್ಥವಾದದ್ದು ಹೋದ ವರ್ಷ.

ಈಗ ನಾನು ಸೋತ ಕಥೆ. ಮಧ್ಯಾಹ್ನದ ಶಿಫ್ಟ್ ಮುಗಿಸಿ ರೂಮಿಗೆ ಬರುವಾಗ ಇಲ್ಲಿ ರಾತ್ರಿ ಹನ್ನೊಂದು, ಅಲ್ಲಿ ಎಂಟೂವರೆ. ಅವಳು ಮಲಗುವ ಹೊತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿದ ಒಳ್ಳೊಳ್ಳೆ ಕಥೆಗಳನ್ನೇ ಹೇಳಿದೆ. ನಾಲ್ಕನೇ ದಿನ ಮಗಳು ಕಡ್ಡಿ ಮುರಿದ ಹಾಗೆ ಹೇಳಿದಳು, "ಅಮ್ಮ, ಇದು ಅಜ್ಜನ ಬೇತಾಳ ಅಲ್ಲ." ಬೇಜಾರಾಗಿ ಎರಡು ದಿನ ಕಥೆಯನ್ನೇ ಹೇಳಲಿಲ್ಲ. ಅಪ್ಪನ ಜಾಗದಲ್ಲಿ ಕೂರುವ ಯೋಗ್ಯತೆ ನನಗಿಲ್ಲ ಅನ್ನಿಸಿತು.

ಚಂದಮಾಮದ ಲೆಕ್ಕ ಹಾಕಿದ ಮೇಲೆ ತಪ್ಪು ಎಲ್ಲಿ ಅಂತ ಹೊಳೆಯಿತು. ಸುಸ್ತಾಗಿರುತ್ತಿತ್ತು, ಹೊತ್ತಾಗಿರುತ್ತಿತ್ತು ಅಂತ ನಾನು ಸೀದಾ ಕಥೆಗೇ ಹಾರುತ್ತಿದ್ದೆ. ಕತ್ತಲೆ, ಮರ, ನರಿ ಕೂಗು, ಹೆಗಲ ಭಾರ ಎಲ್ಲ ಬಿಟ್ಟು 'ಒಂದೂರಲ್ಲಿ ಒಬ್ಬ ವ್ಯಾಪಾರಿ' ಅಂತ ಶುರು. ಅಪ್ಪ ಎಷ್ಟು ಅವಸರವಿದ್ದರೂ, ಮಾರಿಕಾಂಬಾ ಜಾತ್ರೆಯ ವರ್ಷ ಹೊಲಿಗೆ ರಾಶಿ ಬಿದ್ದಿದ್ದರೂ, ಆ ಸ್ಮಶಾನದ ನಡಿಗೆ ಬಿಡುತ್ತಿರಲಿಲ್ಲ. ಮಗಳಿಗೆ ಬೇಕಿದ್ದದ್ದು ವ್ಯಾಪಾರಿಯ ಕಥೆಯಲ್ಲ. ಕತ್ತಲಲ್ಲಿ ಒಬ್ಬರು ಒಂದು ಭಾರ ಹೊತ್ತು ಎಷ್ಟು ಸಲ ಜಾರಿದರೂ ವಾಪಸ್ ಬರುತ್ತಾರೆ ಅನ್ನುವುದನ್ನು ದಿನಾ ಮಲಗುವ ಮುಂಚೆ ಒಂದು ಸಲ ಕೇಳಬೇಕಿತ್ತು.

ಮೂರನೇ ದಿನ ಅಪ್ಪ ಹೇಳುತ್ತಿದ್ದ ಹಾಗೇ ನಡಿಗೆಯಿಂದ ಶುರುಮಾಡಿದೆ. ಕಥೆ ನನ್ನದೇ, ಒಬ್ಬಳು ಸೂಲಗಿತ್ತಿಯದು, ಅಷ್ಟೇನೂ ಚೆನ್ನಾಗಿರಲಿಲ್ಲ. ಮುಗಿದ ಮೇಲೆ ಏನೂ ಅನ್ನಲಿಲ್ಲ. ನಿದ್ದೆ ಹೋಗಿದ್ದಳು. ಅಮ್ಮ ಫೋನ್ ತೆಗೆದುಕೊಂಡು, "ಅರ್ಧಕ್ಕೇ ಮಲಗಿದಳು ಕಣೇ, ನಾನು ಕೇಳಿಸಿಕೊಳ್ತಿದ್ದೆ, ರಾಜ ಏನಂದ ಹೇಳು" ಅಂದಳು.

ಈಗ ಹನ್ನೊಂದು ತಿಂಗಳಾಯಿತು. ಹೋದ ವಾರ ಮಗಳು ಕೇಳಿದಳು, "ಅಮ್ಮ, ಕೊನೇ ಕಥೆ ಯಾವುದು?" ಸೋಮದೇವನಲ್ಲಿ ಕೊನೆಯದು ಒಂದು ಸಂಬಂಧದ ಸಿಕ್ಕು. ತಂದೆ ಮಗಳನ್ನು ಮದುವೆಯಾಗುತ್ತಾನೆ, ಅವನ ಮಗ ಆ ಹುಡುಗಿಯ ತಾಯಿಯನ್ನು. ಹುಟ್ಟುವ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ರಾಜನಿಗೆ ಉತ್ತರ ಹೊಳೆಯುವುದಿಲ್ಲ. ನಿಜವಾಗಿಯೂ ಗೊತ್ತಿಲ್ಲದ್ದರಿಂದ ಸುಮ್ಮನೆ ನಡೆಯುತ್ತಾನೆ. ಆಗ ಬೇತಾಳ ಮೆಚ್ಚಿ, ಭಿಕ್ಷು ನಿನ್ನನ್ನೇ ಬಲಿ ಕೊಡಲು ಹೊಂಚು ಹಾಕಿದ್ದಾನೆ, ಸಾಷ್ಟಾಂಗ ನಮಸ್ಕಾರ ಮಾಡು ಅಂದರೆ 'ನನಗೆ ಬರುವುದಿಲ್ಲ, ನೀನೇ ತೋರಿಸು' ಅನ್ನು ಅಂತ ಉಪಾಯ ಹೇಳಿ ರಾಜನ ಜೀವ ಉಳಿಸುತ್ತಾನೆ. ಹೆದರಿಸುವ ದೆವ್ವವೇ ಒಳ್ಳೆಯವನು, ದಿನಾ ಹಣ್ಣು ಕೊಟ್ಟವನೇ ಕೆಟ್ಟವನು. ಕಥೆ ಅಲ್ಲಿಗೆ ಮುಗಿಯುತ್ತದೆ.

ಅಪ್ಪ ಈ ಕಥೆಯನ್ನು ನಮಗೆ ಯಾವತ್ತೂ ಹೇಳಲಿಲ್ಲ. ಅವಳಿಗೂ ಹೇಳಿಲ್ಲ. ನಾನೂ ಹೇಳಿಲ್ಲ. "ಇನ್ನೂ ತುಂಬಾ ದೂರ ಇದೆ, ಮಲಕ್ಕೋ" ಅಂದೆ.

ಅದಕ್ಕೇ ನಿಮ್ಮಲ್ಲೊಂದು ಕೋರಿಕೆ. 1998-99ರಲ್ಲಿ ಅಪ್ಪನ ಅಂಗಡಿಯ ಬೆಂಚಿನ ಮೇಲೆ ಕೂತು ಕೇಳಿದ ಕಥೆ ಯಾವುದಾದರೂ ನೆನಪಿದ್ದರೆ ಬರೆದು ಕಳಿಸಿ, ಅರ್ಧಂಬರ್ಧ ನೆನಪಿದ್ದರೂ ಸಾಕು. ನನಗೆ ಪೂರ್ತಿ ನೆನಪಿರುವುದು ದರ್ಜಿಯದೊಂದೇ. ಉಳಿದರ್ಧ ನಾನು ಹೊಲಿದುಕೊಳ್ಳುತ್ತೇನೆ. ಬಿಗಿಯಾದರೆ ಬೈಯಲು ಮಗಳಿದ್ದಾಳೆ.

ಗುರುವಾರದಿಂದ ಮತ್ತೆ ಮಧ್ಯಾಹ್ನದ ಶಿಫ್ಟ್. ಅಷ್ಟರೊಳಗೆ ಒಂದಾದರೂ ಕಳಿಸಿ.